ಯೋಗ ಕ್ಲಾಸಲ್ಲಿ ಈ ಮಾತೇಕೆ?

ಅಮೆರಿಕದ ಪುಟ್ಟ ಯೋಗ ಸ್ಟುಡಿಯೋಗಳಲ್ಲಿ ಏಷ್ಯನ್ನರ ಮೇಲಿನ ದ್ವೇಷದ ಮಾತೆತ್ತಿದರೆ, "ಇಲ್ಲೂ ರಾಜಕೀಯನಾ?" ಅಂತ ಗೊಣಗೋರು ಇದ್ದೇ ಇರ್ತಾರೆ.

2021ರ ಮಾರ್ಚ್ 16. ಅಟ್ಲಾಂಟಾ ಸುತ್ತಮುತ್ತ ಮೂರು ಸ್ಪಾಗಳಲ್ಲಿ ಗುಂಡಿನ ದಾಳಿ. ಸತ್ತವರು 8 ಮಂದಿ, ಅವರಲ್ಲಿ 6 ಜನ ಏಷ್ಯಾ ಮೂಲದ ಹೆಂಗಸರು. ಯೋಗ ಸ್ಟುಡಿಯೋ ಥರಾನೇ, ಜನ ದಣಿವಾರಿಸಿಕೊಳ್ಳೋಕೆ ಹೋಗೋ ಜಾಗ ಅದು. ಯೋಗ ಕಲಿಸೋರು ಇದನ್ನ ಬೇರೆಯವರ ಸುದ್ದಿ ಅಂತ ಬಿಡೋಕಾಗುತ್ತಾ?

ಈ ದ್ವೇಷದ ಕಥೆ ಇನ್ನೂ ಹಳೇದು. 1917ರ ಕಾನೂನು ಭಾರತೀಯರಿಗೂ ಅಮೆರಿಕದ ಬಾಗಿಲು ಮುಚ್ಚಿತ್ತು. 1946ರಲ್ಲಿ ತೆರೆದಾಗಲೂ ಇಡೀ ಭಾರತಕ್ಕೆ ವರ್ಷಕ್ಕೆ ಬರೀ 100 ಜಾಗ! ಅದೇ ಸುಮಾರಿಗೆ ಹಾಲಿವುಡ್‌ನಲ್ಲಿ ಇಂದ್ರಾ ದೇವಿ ಯೋಗಶಾಲೆ ತೆರೆದರು. ಅವರು ಕಲಿತದ್ದು ನಮ್ಮ ಮೈಸೂರಲ್ಲಿ, ಯೋಗಗುರು ಕೃಷ್ಣಮಾಚಾರ್ಯರ ಹತ್ತಿರ. ವಿದ್ಯೆ ಬೇಕು, ವಿದ್ಯೆ ಕೊಟ್ಟ ಜನ ಬೇಡ. ಚೆನ್ನಾಗಿದೆ ಅಲ್ವಾ?

ಸರಿ, ಸ್ಟುಡಿಯೋ ಏನು ಮಾಡಬಹುದು? ಒಂದು ದಿನದ ಫೀಸು ದೇಣಿಗೆ ಕೊಡೋದು ಸುಲಭ. ಯಾರಾದ್ರೂ ಇಂಥ ದ್ವೇಷಕ್ಕೆ ಗುರಿಯಾದಾಗ ಪಕ್ಕದಲ್ಲಿ ನಿಂತವರು ಏನು ಮಾಡಬೇಕು ಅನ್ನೋದನ್ನ ಅಭ್ಯಾಸ ಮಾಡಿಸೋದು ಕಷ್ಟ, ಆದ್ರೆ ಉಪಯೋಗ ಜಾಸ್ತಿ.

ಬಸ್ಸಲ್ಲಿ ಯಾವನೋ ಒಬ್ಬ, ಏಷ್ಯನ್ ಅಜ್ಜಿಯೊಬ್ಬರಿಗೆ ಬೈತಿದ್ದಾನೆ ಅಂದ್ಕೊಳ್ಳಿ. ನಿಮ್ಮ ಎದೆ ಡವಡವ ಅಂತಿರುತ್ತೆ. ನಿಧಾನಕ್ಕೆ ಒಂದು ಉಸಿರು ಬಿಡಿ. ಅವನ ಜೊತೆ ಜಗಳ ಬೇಡ. ಸೀದಾ ಅಜ್ಜಿ ಪಕ್ಕ ಹೋಗಿ, "ಮುಂದಿನ ಸ್ಟಾಪ್ ಯಾವುದು?" ಅಂತ ಕೇಳಿ. ಅವನಿಗೆ ಬೆನ್ನು ಹಾಕಿ, ಮಾತು ಬೆಳೆಸಿ. ಅಜ್ಜಿ ಇಳಿಯುವಾಗ, "ಜೊತೆಗೆ ಬರ್ಲಾ?" ಅನ್ನಿ. ಪೊಲೀಸರಿಗೆ ಹೇಳಬೇಕಾ ಅಂತಲೂ ಅವರನ್ನೇ ಕೇಳಿ, ತೀರ್ಮಾನ ಅವರದ್ದು.