ಕವಚಧಾರಿ ಬೀಜಾಣುಗಳೂ ಕ್ಲೋರಿನ್ನೂ

ಪ್ರಶ್ನೆ: ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್, ಆಂಥ್ರಾಕ್ಸ್ ಬೀಜಾಣುಗಳಿಂದ ದೂಷಿತವಾದ ತ್ಯಾಜ್ಯಜಲವನ್ನೂ ಶುದ್ಧಿಗೊಳಿಸಬಲ್ಲುದೆ?

ಉತ್ತರ: ಶುದ್ಧಿಗೊಳಿಸಬಲ್ಲುದು, ಆದರೆ ಕುಡಿಯುವ ನೀರಿಗೆ ಸಾಲುವ ಅಲ್ಪ ಪ್ರಮಾಣದಿಂದ ಆ ಕಾರ್ಯವು ಸಿದ್ಧಿಸದು. ನೆರಡಿಯೆಂದೂ ಕರೆಯಲ್ಪಡುವ ಆಂಥ್ರಾಕ್ಸ್ ರೋಗದ ಬ್ಯಾಕ್ಟೀರಿಯವು ಬೀಜಾಣುರೂಪವನ್ನು ತಾಳುವುದನ್ನು ಜರ್ಮನಿಯ ರಾಬರ್ಟ್ ಕಾಕ್ 1876ರಲ್ಲಿಯೇ ಪ್ರಕಟಪಡಿಸಿದನು. ಜಲಾಂಶವನ್ನು ಬಹುಮಟ್ಟಿಗೆ ತೊರೆದು, ಪ್ರೋಟೀನಿನ ಪದರಪದರವಾದ ಕವಚದೊಳಗೆ ಸುಪ್ತವಾಗಿರುವ ಈ ಬೀಜಾಣುವು ಮಣ್ಣಿನಲ್ಲಿ ದಶಕಗಳ ಕಾಲ ಜೀವಧಾರಣೆ ಮಾಡಬಲ್ಲುದಲ್ಲದೆ, ಸಾಮಾನ್ಯ ಬ್ಯಾಕ್ಟೀರಿಯಗಳನ್ನು ಕೆಲವೇ ನಿಮಿಷಗಳಲ್ಲಿ ಅಳಿಸುವ ದ್ರಾವಣವನ್ನೂ ಸಹಿಸಿಕೊಳ್ಳುತ್ತದೆ.

ನೀರಿನಲ್ಲಿ ಕರಗಿದ ಕ್ಲೋರಿನ್ ಹೈಪೋಕ್ಲೋರಸ್ ಆಮ್ಲವಾಗಿಯೂ ಹೈಪೋಕ್ಲೋರೈಟ್ ಅಯಾನಾಗಿಯೂ ಇರುವುದಷ್ಟೆ. ಇವುಗಳಲ್ಲಿ ಮೊದಲನೆಯದೇ ಪ್ರಬಲ ಬೀಜಾಣುನಾಶಕ. ಪಿಎಚ್ ಸುಮಾರು 7.5ನ್ನು ಮೀರಿ ಕ್ಷಾರೀಯತೆಯು ಏರಿದಂತೆಲ್ಲ ಎರಡನೆಯದರ ಪ್ರಮಾಣವೇ ಅಧಿಕವಾಗಿ, ನಾಶಕಶಕ್ತಿಯು ಕುಂದುತ್ತದೆ. ತ್ಯಾಜ್ಯಜಲದಲ್ಲಂತೂ ಸಾವಯವ ಮಲಿನಾಂಶವು ಕ್ಲೋರಿನ್ನನ್ನು ವ್ಯಯಮಾಡುವುದಲ್ಲದೆ, ಅಮೋನಿಯವು ಅದರೊಡನೆ ಕೂಡಿ ದುರ್ಬಲವಾದ ಕ್ಲೋರಮೈನನ್ನು ಉಂಟುಮಾಡುತ್ತದೆ. ಆದಕಾರಣ ಮೊದಲು ಕಲ್ಮಷವನ್ನು ತಳಕ್ಕಿಳಿಸಿ ಸೋಸಿ, ಪಿಎಚನ್ನು ತಟಸ್ಥಮಟ್ಟಕ್ಕೆ ತಂದು, ಸ್ವತಂತ್ರ ಕ್ಲೋರಿನ್ ಸಾಕಷ್ಟು ಉಳಿಯುವಂತೆ ನೋಡಿಕೊಂಡು, ದೀರ್ಘ ಸಂಪರ್ಕಕಾಲವನ್ನು ಒದಗಿಸಬೇಕು; ನೀರು ತಣ್ಣಗಿದ್ದರೆ ಆ ಕಾಲವು ಇನ್ನೂ ಹೆಚ್ಚಬೇಕು. ತರುವಾಯ ಸೋಡಿಯಂ ಥಯೋಸಲ್ಫೇಟಿನಿಂದ ಉಳಿದ ಕ್ಲೋರಿನ್ನನ್ನು ನಿರ್ವೀರ್ಯಗೊಳಿಸಿದಲ್ಲದೆ ಆ ನೀರನ್ನು ಹೊಳೆಗೆ ಬಿಡತಕ್ಕದ್ದಲ್ಲ; ಇಲ್ಲವಾದರೆ ಮತ್ಸ್ಯಾದಿಗಳಿಗೆ ಹಾನಿ.

ಓದುಗರಲ್ಲಿ ಒಂದು ವಿಜ್ಞಾಪನೆ: ಇದು ತಜ್ಞರ ಕಾರ್ಯ. ಬ್ಲೀಚಿಂಗ್ ದ್ರಾವಣಕ್ಕೆ ಆಮ್ಲವನ್ನು ಬೆರೆಸಿದರೆ ವಿಷಮಯ ಕ್ಲೋರಿನ್ ಅನಿಲವು ಹೊರಹೊಮ್ಮುವುದರಿಂದ, ಮನೆಯಲ್ಲಿ ಯಾರೂ ಇದನ್ನು ಪರೀಕ್ಷಿಸಲು ತೊಡಗಬಾರದು.