ಬೈಗುಳದ ಸಾಮಾಜಿಕ ನೆಲೆ: 'ಮುಂಡೆ' ಪದವನ್ನು ಕುರಿತು

ಪದವೊಂದು ಬೈಗುಳವಾಗಲು ಅದರ ಧ್ವನಿಯಾಗಲಿ ನಿಘಂಟಿನ ಅರ್ಥವಾಗಲಿ ಸಾಲದು. ಅದು ಸೂಚಿಸುವ ವ್ಯಕ್ತಿಗೆ ಸಮಾಜ ನೀಡಿದ ಸ್ಥಾನವೇ ಮುಖ್ಯ ಕಾರಣ. ಚುಂಚನಕಟ್ಟೆಯ ಪರಿಸರವನ್ನೂ ಒಳಗೊಂಡ ಮೈಸೂರು ಸೀಮೆಯ ಆಡುಮಾತಿನಲ್ಲಿ ಬಳಕೆಯಲ್ಲಿರುವ 'ಮುಂಡೆ' ಇದಕ್ಕೆ ನಿದರ್ಶನ.

ತಲೆ ಬೋಳಿಸಿಕೊಂಡವಳು ಎಂಬರ್ಥದ ಸಂಸ್ಕೃತದ 'ಮುಂಡಾ' ಪದಕ್ಕೆ ಸಂಬಂಧಿಸಿದ ಇದು ವಿಧವೆಯನ್ನು ಸೂಚಿಸುತ್ತದೆ. ಕನ್ನಡದ 'ಬೋಳಿ'ಯೂ ಇದೇ ಹಾದಿ ಹಿಡಿದಿದೆ. ಕೇಶಮುಂಡನ ಎಲ್ಲ ಸಮುದಾಯಗಳ ರೂಢಿಯಲ್ಲದಿದ್ದರೂ ಬೈಗುಳ ಎಲ್ಲರದಾಯಿತು. ಆದರೆ ಹೆಂಡತಿಯನ್ನು ಕಳೆದುಕೊಂಡವನನ್ನು ಹೇಳುವ 'ವಿಧುರ' ಬೈಗುಳವಾಗಲಿಲ್ಲ. 'ಮುಂಡೇಮಗ' ಎಂದಾಗ ಬೈಸಿಕೊಳ್ಳುವವನು ಗಂಡಸು, ಅವಮಾನ ತಾಯಿಯದು. ಮಕ್ಕಳನ್ನು ಮುದ್ದಿನಿಂದ 'ಮುಂಡೇದು' ಎನ್ನುವಾಗ ಕಟುತ್ವ ಕರಗಿದರೂ ವಿಧವೆಯ ಎದುರಿನಲ್ಲಿ ಅದು ಮರಳುತ್ತದೆ.

12ನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರಿನಲ್ಲಿ ವೃತ್ತಿಸೂಚಕವಾಗಿರುವ ಪದವೂ ಇಂದು ಬೈಗುಳವೇ. ಹೀಗೆ ಬೈಗುಳಗಳ ಚರಿತ್ರೆ ಬಹುಮಟ್ಟಿಗೆ ಹೆಣ್ಣಿನ ಸ್ಥಾನಮಾನದ ಚರಿತ್ರೆಯೂ ಆಗಿದೆ.