ಎತ್ತರ ಕಡಿಮೆ ಇರುವ ಚಾಲಕರಿಗೆ ಏರ್‌ಬ್ಯಾಗ್ ಅಪಾಯಕಾರಿಯೇ? ಸೀಟು ಎಷ್ಟು ದೂರವಿರಬೇಕು?

ಎತ್ತರ ಕಡಿಮೆ ಇರುವವರು ಕಾರು ಕಲಿಯಲು ಹೊರಟರೆ ಸಲಹೆಗಳಿಗೆ ಬರವಿಲ್ಲ. "ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಳ್ಳಿ, ಕೆಳಗೊಂದು ದಿಂಬು ಹಾಕಿಕೊಳ್ಳಿ" ಎನ್ನುವವರು ಒಂದು ಕಡೆ. "ಕುಳ್ಳಗಿರುವವರನ್ನು ಏರ್‌ಬ್ಯಾಗೇ ಕೊಲ್ಲುತ್ತದೆ, ತೆಗೆಸಿಬಿಡಿ" ಎನ್ನುವವರು ಇನ್ನೊಂದು ಕಡೆ. ಈ ಮಾತುಗಳಲ್ಲಿ ನಿಜವೆಷ್ಟು? ನೋಡೋಣ.

ಏರ್‌ಬ್ಯಾಗ್‌ನಿಂದ ಅಪಾಯವಿದೆಯೇ?

ಅರ್ಧ ನಿಜ. ಅಪಘಾತವಾದಾಗ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ಸ್ಟೀರಿಂಗ್‌ನಿಂದ ಹೊರಬರುವ ಮೊದಲ 5ರಿಂದ 8 ಸೆಂ.ಮೀ. ದೂರದಲ್ಲಿ ಅದರ ಹೊಡೆತ ಅತಿ ಜೋರು. ಎದೆ ಅಲ್ಲೇ ಇದ್ದರೆ ಕಾಪಾಡಬೇಕಾದ ಚೀಲವೇ ಪ್ರಾಣಕ್ಕೆ ಎರವಾಗಬಹುದು.

ಅಮೆರಿಕದಲ್ಲಿ ಇದು ನಡೆದಿದೆ. 1990ರಿಂದ 2008ರವರೆಗೆ ಕಡಿಮೆ ವೇಗದ ಅಪಘಾತಗಳಲ್ಲಿ ಮುಂಭಾಗದ ಏರ್‌ಬ್ಯಾಗ್ ಉಬ್ಬಿದ್ದರಿಂದಲೇ 290ಕ್ಕೂ ಹೆಚ್ಚು ಜನ ಸತ್ತರೆಂದು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಅಂದಾಜಿಸಿದೆ. ಸತ್ತವರಲ್ಲಿ ಮಕ್ಕಳೂ ಇದ್ದರು, ಸ್ಟೀರಿಂಗ್‌ಗೆ ತೀರಾ ಹತ್ತಿರ ಕೂತಿದ್ದ ಚಾಲಕರೂ ಇದ್ದರು. ಹೆಚ್ಚಿನವರು ಸೀಟ್‌ಬೆಲ್ಟ್ ಹಾಕಿರಲಿಲ್ಲ ಅಥವಾ ಸರಿಯಾಗಿ ಹಾಕಿರಲಿಲ್ಲ. ಬಹುಪಾಲು ಸಾವುಗಳು 1998ಕ್ಕಿಂತ ಹಿಂದಿನ ವಾಹನಗಳಲ್ಲಿ ಆದವು. ಆಮೇಲೆ ಏರ್‌ಬ್ಯಾಗ್‌ಗಳ ಬಲವನ್ನು ಕಡಿಮೆ ಮಾಡಲಾಯಿತು.

ಹಾಗಾದರೆ ತೆಗೆಸಿಬಿಡಬೇಕೇ?

ಖಂಡಿತ ಬೇಡ. ಅದೇ ಸಂಸ್ಥೆಯ ಅಂದಾಜಿನಂತೆ 1987ರಿಂದ 2017ರವರೆಗೆ ಮುಂಭಾಗದ ಏರ್‌ಬ್ಯಾಗ್‌ಗಳು ಉಳಿಸಿದ ಜೀವಗಳು 50 ಸಾವಿರಕ್ಕೂ ಹೆಚ್ಚು. ಭಾರತದಲ್ಲೂ 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯ. ಇಲ್ಲಿ ತೊಂದರೆ ಎತ್ತರದ್ದಲ್ಲ, ದೂರದ್ದು.

ಎಷ್ಟು ದೂರ ಬೇಕು?

ಸ್ಟೀರಿಂಗ್‌ನ ನಡುಭಾಗದಿಂದ ನಿಮ್ಮ ಎದೆಮೂಳೆಗೆ ಕನಿಷ್ಠ 25 ಸೆಂ.ಮೀ., ಅಂದರೆ 10 ಇಂಚು. ಗೇಣು ಲೆಕ್ಕ ನಂಬಬೇಡಿ, ಗಿಡ್ಡಗಿರುವವರ ಗೇಣೂ ಚಿಕ್ಕದೇ ಇರುತ್ತದೆ. ಮಕ್ಕಳ ಸ್ಕೂಲ್ ಬ್ಯಾಗಿನಲ್ಲಿರುವ 30 ಸೆಂ.ಮೀ. ಸ್ಕೇಲ್ ತೆಗೆದುಕೊಳ್ಳಿ. ಕಾರು ನಿಂತಿರುವಾಗ, ಇನ್ನೊಬ್ಬರಿಂದ ಅಳೆಸಿಕೊಳ್ಳಿ.

ಸೀಟು ಹೊಂದಿಸುವುದು ಹೇಗೆ?

1. ಬೆನ್ನು, ಸೊಂಟ ಎರಡೂ ಸೀಟಿಗೆ ತಾಗುವಂತೆ ಪೂರ್ತಿ ಹಿಂದಕ್ಕೆ ಕೂರಿ.

2. ಎತ್ತರ ಹೊಂದಿಸುವ ಲಿವರ್ ಇದ್ದರೆ ಮೊದಲು ಸೀಟನ್ನು ಮೇಲಕ್ಕೆತ್ತಿ. ರಸ್ತೆ ಚೆನ್ನಾಗಿ ಕಾಣಬೇಕು, ತಲೆ ಮತ್ತು ಛಾವಣಿಯ ನಡುವೆ ಒಂದು ಮುಷ್ಟಿಯಷ್ಟಾದರೂ ಜಾಗ ಇರಬೇಕು.

3. ಕ್ಲಚ್ ಅನ್ನು (ಆಟೊಮ್ಯಾಟಿಕ್ ಆದರೆ ಬ್ರೇಕನ್ನು) ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರುವಷ್ಟು ಸೀಟನ್ನು ಮುಂದೆ ತನ್ನಿ. ಅದಕ್ಕಿಂತ ಮುಂದೆ ಬೇಡ.

4. ಈಗ ಅಳೆಯಿರಿ. 25 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸೀಟಿನ ಬೆನ್ನನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ. ಪೆಡಲ್ ಕಾಲಿನ ಲೆಕ್ಕ, ಎದೆಯ ದೂರ ಬೆನ್ನಿನ ಲೆಕ್ಕ. ಎಷ್ಟೋ ಜನರ ಸಮಸ್ಯೆ ಇಷ್ಟಕ್ಕೇ ಬಗೆಹರಿಯುತ್ತದೆ.

5. ಸ್ಟೀರಿಂಗ್ ಬಾಗಿಸಲು ಬಂದರೆ ಕೆಳಕ್ಕೆ ಬಾಗಿಸಿ. ಅದರ ಮುಖ ನಿಮ್ಮ ಎದೆಯ ಕಡೆಗಿರಲಿ, ಕತ್ತು ಮತ್ತು ಮುಖದ ಕಡೆಗಲ್ಲ.

6. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಲಿ. ಮೇಲಿನ ಪಟ್ಟಿ ಕತ್ತಿಗೆ ತಾಗದೆ ಭುಜದ ಮೇಲೆ ಹಾಯಲಿ. ಕತ್ತಿಗೆ ಉಜ್ಜುತ್ತಿದ್ದರೆ, ಬಾಗಿಲ ಕಂಬದಲ್ಲಿರುವ ಬೆಲ್ಟಿನ ಕೊಂಡಿಯನ್ನು ಕೆಳಗಿಳಿಸಿ. ಪಟ್ಟಿಯನ್ನು ಕಂಕುಳಡಿ ತೂರಿಸಬೇಡಿ.

7. ಕನ್ನಡಿಗಳನ್ನು ಕೊನೆಗೆ ಹೊಂದಿಸಿ.

ದಿಂಬು ಹಾಕಬಹುದೇ?

ಸೀಟು ಮೇಲೇಳದಿದ್ದರೆ ಗಟ್ಟಿಯಾದ, ಜಾರದ ಕುಶನ್ ಹಾಕಬಹುದು. ಮನೆಯ ಮೆತ್ತನೆ ದಿಂಬು ಬೇಡ. ಗುದ್ದಿದಾಗ ಅದು ಅದುಮಿ ಜಾರುತ್ತದೆ, ಬೆಲ್ಟು ಸೊಂಟದಿಂದ ಹೊಟ್ಟೆಗೆ ಸರಿದು ಒಳಗಿನ ಅಂಗಾಂಗಗಳಿಗೆ ಪೆಟ್ಟಾಗಬಹುದು.

ಹೊಸ ಕಾರು ಕೊಳ್ಳುವವರು ಆ ಸ್ಕೇಲನ್ನು ಟೆಸ್ಟ್ ಡ್ರೈವ್‌ಗೂ ಒಯ್ಯಿರಿ. ಸೀಟು ಮೇಲೇಳುತ್ತದೆಯೇ, ಸ್ಟೀರಿಂಗ್ ಬಾಗುತ್ತದೆಯೇ, ಹಿಂದೆ ಮುಂದೆ ಸರಿಯುತ್ತದೆಯೇ ನೋಡಿ. ಮನೆಯಲ್ಲಿ ಒಂದೇ ಕಾರನ್ನು ಇಬ್ಬರು ಓಡಿಸುತ್ತಿದ್ದರೆ ಪ್ರತಿಸಲವೂ ಹೊಂದಿಸಿಕೊಳ್ಳಿ, ಅದಕ್ಕೆ ಒಂದೆರಡು ನಿಮಿಷ ಸಾಕು.

ಒಟ್ಟಿನಲ್ಲಿ, ಏರ್‌ಬ್ಯಾಗ್ ಗಿಡ್ಡಗಿರುವವರ ಶತ್ರುವಲ್ಲ. ಬೆಲ್ಟ್ ಹಾಕಿ, 25 ಸೆಂ.ಮೀ. ದೂರ ಕಾಯ್ದುಕೊಂಡರೆ ಅದು ನಿಮ್ಮನ್ನೂ ಕಾಪಾಡುತ್ತದೆ. "ಏರ್‌ಬ್ಯಾಗ್ ತೆಗೆಸಿ" ಎಂಬ ಸಂದೇಶ ಬಂದರೆ ಮುಂದೆ ಕಳಿಸುವ ಬದಲು ಈ ಅಳತೆಯನ್ನು ಕಳಿಸಿ.